ನಮ್ಮ ಬಚ್ಚಲಲ್ಲಿ ಮತ್ತೆ ಹುಟ್ಟಿದ ಸಂಸ್ಥಾನ

ಪ್ರಾಚೀನ ಸೀಮಾಚಿಹ್ನೆ ಮರುಗುರುತು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಹಿತ್ತಲಲ್ಲಿರುವ ಬಟ್ಟೆ ಒಗೆಯುವ ಕಲ್ಲಿಗೆ ನಿಮ್ಮ ವಿಭಾಗ ಮುಳ್ಳುತಂತಿಯ ಬೇಲಿ ಹಾಕಿದೆ. ಅದನ್ನು ಬಿಚ್ಚಿಸಿ. ಈ ಪತ್ರದ ಸಾರ ಇಷ್ಟೇ. ಇಷ್ಟನ್ನೇ ಮೊದಲು ಬರೆದುಕೊಟ್ಟಿದ್ದೆ; ತಾವು "ವಿವರಗಳ ಕೊರತೆ" ಎಂದು ಹಿಂದಕ್ಕೆ ಕಳಿಸಿದಿರಿ. ಇನ್ನೊಮ್ಮೆ ಕೊಟ್ಟೆ, ಇನ್ನೊಮ್ಮೆ ಕಳಿಸಿದಿರಿ. ಆದ್ದರಿಂದ ಈ ಸಲ ವಿವರ ಕೊಡುತ್ತಿದ್ದೇನೆ, ಅದೂ ಊರೆಲ್ಲ ಓದಲಿ ಎಂದು ಪತ್ರಿಕೆಯಲ್ಲೇ ಕೊಡುತ್ತಿದ್ದೇನೆ. ಉದ್ದವಾಯಿತು ಅನ್ನಿಸಿದರೆ ಚಹಾ ತರಿಸಿಕೊಂಡು ಓದಿ.

ನಾನು ರಾಮದುರ್ಗ ತಾಲೂಕಿನ ಮುದ್ದೇನಕೊಪ್ಪದವನು, ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಇಂಥ ತಾಲೂಕಿನವನು ಎಂದು ಇಷ್ಟು ಧೈರ್ಯವಾಗಿ ಬರೆದೆನಲ್ಲ, ಅದೂ ಈಗ ಅರ್ಧ ಸುಳ್ಳು. ನಿಮ್ಮ ಹೊಸ ನಕ್ಷೆಯ ಪ್ರಕಾರ ನಮ್ಮ ಪಡಸಾಲೆ, ಅಡುಗೆಮನೆ, ದೇವರ ಜಗಲಿ ರಾಮದುರ್ಗ ತಾಲೂಕಿನಲ್ಲಿವೆ. ಬಚ್ಚಲು, ಶೌಚಾಲಯ, ಕರಿಬೇವಿನ ಗಿಡ ಸವದತ್ತಿ ತಾಲೂಕಿನಲ್ಲಿವೆ. ನನ್ನ ಹೆಂಡತಿ ದುರ್ಗಾ ಒಲೆಯ ಮೇಲೆ ಎಣ್ಣೆ ಕಾಯಲು ಇಟ್ಟು ಕರಿಬೇವು ಕೀಳಲು ಹೊರಟರೆ ಅದು ಪರಸ್ಥಳಕ್ಕೆ ಪ್ರಯಾಣ. ಕಲ್ಲಿನ ಎರಡೂ ಬದಿಗೆ ಗೋಡೆಯಿಂದ ಗೋಡೆಗೆ ಬೇಲಿ ಎಳೆಸಿ, ನಡುವೆ ಒಬ್ಬರು ಹೋಗುವಷ್ಟು ಜಾಗ ಬಿಟ್ಟು, ಅಲ್ಲಿ ಬೀರಪ್ಪ ಎಂಬ ಕಾವಲುಗಾರನನ್ನು ಕುರ್ಚಿ ಹಾಕಿ ಕೂರಿಸಿದ್ದೀರಿ. ಹೋಗಿಬರುವವರ ಹೆಸರು ಮತ್ತು ಕಾರಣ ಬರೆದುಕೊಳ್ಳುವುದು ಅವನ ಕೆಲಸ. ಬೀರಪ್ಪ ನಮ್ಮ ಓಣಿಯವನೇ, ನನ್ನ ಕೈಯಲ್ಲೇ ಕಲಿತವನು. ಕಾರಣ ಏನಂತ ಬರೆಯಲಿ ಎಂದು ಮೊದಲ ದಿನ ತಲೆ ತಗ್ಗಿಸಿ ಕೇಳಿದ. ಬೆಳಗಿನ ಹೊತ್ತು ತಂಬಿಗೆ ಹಿಡಿದು ಅವಸರದಲ್ಲಿ ಹೊರಟ ಮನುಷ್ಯನ ಕಾರಣವನ್ನು ಸರ್ಕಾರಿ ಭಾಷೆಯಲ್ಲಿ ಹೇಗೆ ಬರೆಯುತ್ತಾರೆ ಎಂಬುದನ್ನು ದಯವಿಟ್ಟು ಒಂದು ಸುತ್ತೋಲೆಯಲ್ಲಿ ತಿಳಿಸಿ.

ಇನ್ನು ಕಲ್ಲಿನ ವಿಷಯ. ರಾಮದುರ್ಗ ಒಂದು ಕಾಲಕ್ಕೆ ಸಂಸ್ಥಾನವಾಗಿತ್ತು. ನಮ್ಮೂರು ಸಂಸ್ಥಾನಕ್ಕೆ ಸೇರಿತ್ತು; ಹಳ್ಳದ ಆಚೆಗಿನ ಸಿಂಗಾರಹಾಳ, ಅಂದರೆ ನಮ್ಮವ್ವನ ತವರೂರು, ಈಗಿನ ಸವದತ್ತಿ ತಾಲೂಕಿನದು, ಇಂಗ್ಲಿಷರ ಸೀಮೆಯಲ್ಲಿತ್ತು. ಎರಡರ ನಡುವೆ ಹಳ್ಳದ ದಂಡೆಯ ಮೇಲೆ ಈ ಕಲ್ಲು ನೆಟ್ಟಿದ್ದರು. ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಸುದ್ದಿ ಬಂದದ್ದೇ ತಡ, ನಮ್ಮಪ್ಪ ಶಟ್ಟೆಪ್ಪ ಮತ್ತು ಅವನ ಗೆಳೆಯರು ಹಾರೆ ತೆಗೆದುಕೊಂಡು ಹೋಗಿ ಕಲ್ಲನ್ನು ಕಿತ್ತರು, ಗಾಡಿಗೆ ಹೇರಿದರು, ಹಲಗಿ ಬಾರಿಸುತ್ತ ಊರೊಳಗೆ ತಂದರು. ತಂದ ಮೇಲೆ ಅದನ್ನೇನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ನಮ್ಮಪ್ಪ ಬಚ್ಚಲ ಪಕ್ಕದಲ್ಲಿ ಅಕ್ಷರದ ಮಗ್ಗಲು ಕೆಳಗೆ ಮಾಡಿ ಕೆಡವಿದ. ಅಂದಿನಿಂದ ಅದು ಒಗೆಯುವ ಕಲ್ಲು. ಓಣಿಯ ಹೆಂಗಸರೆಲ್ಲ ಅದರ ಮೇಲೆ ಕೌದಿ ಬಡಿದಿದ್ದಾರೆ. ನಾವು ಮುಂಬಯಿ ರಾಜ್ಯದಲ್ಲಿದ್ದಾಗಲೂ ಬಡಿದರು, ಮೈಸೂರು ರಾಜ್ಯಕ್ಕೆ ಬಂದಾಗಲೂ ಬಡಿದರು, ಕರ್ನಾಟಕ ಎಂದು ಹೆಸರಾದ ಮೇಲೂ ಬಡಿದರು. ಯಾವ ಸರ್ಕಾರದಿಂದಲೂ ಆಕ್ಷೇಪಣೆ ಬಂದಿರಲಿಲ್ಲ.

ಬಡಿದು ಬಡಿದು ಕಲ್ಲು ನುಣುಪಾಗಿ ಕಾಲು ಜಾರತೊಡಗಿತು. ದುರ್ಗಾ ಕಲ್ಲು ಕುಟ್ಟುವವನನ್ನು ಕರೆಸಿದಳು. ಅವನು ಹೊರಳಿಸಿದಾಗ ಅಕ್ಷರ ಕಂಡವು. ಪಂಚಾಯಿತಿ ಸದಸ್ಯ ಶ್ರೀಶೈಲ ಮೊಬೈಲಿನಲ್ಲಿ ಫೋಟೋ ಹೊಡೆದು ಜಿಲ್ಲೆಗೆಲ್ಲ ಕಳಿಸಿದ. ಅದೇ ಹಳ್ಳಕ್ಕೆ ಒಂದು ಸೇತುವೆ ಬೇಕೆಂದು ನಮ್ಮೂರವರು ಅರ್ಜಿ ಕೊಟ್ಟಾಗ ತೊಟ್ಟಿಲಲ್ಲಿದ್ದ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ. ಆ ಕಡೆಗೆ ಒಬ್ಬ ಅಧಿಕಾರಿಯೂ ಮುಖ ಹಾಕಿಲ್ಲ. ಕಲ್ಲಿನ ಫೋಟೋ ಹೋಗಿ ವಾರವಾಗುವುದರೊಳಗೆ ನಿಮ್ಮ ಜೀಪು ನಮ್ಮ ಬಾಗಿಲಲ್ಲಿತ್ತು. ಸರ್ಕಾರಕ್ಕೆ ವೇಗವೇ ಇಲ್ಲ ಎಂದು ದೂರುವವರಿಗೆ ನಾನು ಇನ್ನು ಮುಂದೆ ಇದನ್ನೇ ಹೇಳುತ್ತೇನೆ.

ಕಲ್ಲನ್ನು ನಮ್ಮಪ್ಪ ಗಾಡಿಯಲ್ಲಿ ತಂದದ್ದು ಎಂದು ನಿಮ್ಮ ಕಚೇರಿಗೆ ಬಂದು ಹೇಳಿದೆ, ನೆನಪಿರಬೇಕು. ತಾವು ಕನ್ನಡಕ ಸರಿಮಾಡಿಕೊಂಡು, ಸೀಮಾಕಲ್ಲು ಎಂದರೆ ಸ್ಥಿರ ಗುರುತು, ಸ್ಥಿರ ಗುರುತು ಎಂದರೆ ಸರಿಯದೇ ಇರುವಂಥದ್ದು, ಆದ್ದರಿಂದ ಅದು ಸರಿದಿಲ್ಲ ಎಂದಿರಿ. ಹಾಗಾದರೆ ಹಳ್ಳದ ದಂಡೆಯಲ್ಲಿದ್ದದ್ದು ನಮ್ಮ ಹಿತ್ತಲಿಗೆ ಬಂದದ್ದು ಹೇಗೆ ಎಂದೆ. "ಊರು ಸರಿದಿರಬೇಕು" ಎಂದಿರಿ. ನಾನು ಮೊದಲು ಇದನ್ನು ಹಾಸ್ಯ ಎಂದುಕೊಂಡು ನಕ್ಕೆ. ತಾವು ನಗಲಿಲ್ಲ. ನವಿಲುತೀರ್ಥದ ಅಣೆಕಟ್ಟು ಕಟ್ಟಿದಾಗ ಎಷ್ಟೋ ಊರುಗಳು ಸರಿದವು, ಆ ಗದ್ದಲದಲ್ಲಿ ನಿಮ್ಮದೂ ಸರಿದಿರಬಹುದು, ನಿಮಗೆ ನೆನಪಿರಲಿಕ್ಕಿಲ್ಲ ಎಂದು ಸಮಾಧಾನ ಹೇಳಿದಿರಿ. ಮಾನ್ಯರೇ, ಊರು ಸರಿದದ್ದು ಊರಿನವರಿಗೆ ಗೊತ್ತಾಗದೆ ಹೋಗುತ್ತದೆಯೇ? ಮುಳುಗಡೆಯಾದ ಊರಿನವರನ್ನು ಒಮ್ಮೆ ಕೇಳಿ ನೋಡಿ. ತಮ್ಮ ಒಲೆ ಯಾವ ಗೋಡೆಯ ಬದಿಗಿತ್ತು ಎಂಬುದನ್ನೂ ಅವರು ಇನ್ನೂ ಮರೆತಿಲ್ಲ. ಗಾಡಿಯಲ್ಲಿ ತಂದದ್ದಕ್ಕೆ ಸಾಕ್ಷಿ ಯಾರು ಎಂದಿರಿ. ನಮ್ಮಪ್ಪನಿಲ್ಲ, ಅವನ ಗೆಳೆಯರಿಲ್ಲ, ಗಾಡಿಯಿಲ್ಲ. ಎಳೆದ ಎತ್ತುಗಳ ಹೆಸರು ಮಾತ್ರ ನಮ್ಮವ್ವನಿಗೆ ನೆನಪಿದೆ, ಬಸ್ಯಾ ಮತ್ತು ಕೆಂಪ್ಯಾ ಎಂದೆ. ನಿಮ್ಮ ಗುಮಾಸ್ತರು ಅದನ್ನು ಬರೆದುಕೊಂಡು ಅವರ ಈಗಿನ ವಿಳಾಸ ಕೇಳಿದರು.

ದೇಶ ವಿಭಜನೆಯ ಪಾಠ ಮಾಡುವಾಗ ವರ್ಷವರ್ಷವೂ ಮಕ್ಕಳು ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: ಗೆರೆ ಎಳೆದವರು ಆ ಊರುಗಳನ್ನು ನೋಡಿದ್ದರೇನ್ರಿ ಸರ? ನೋಡಿರಲಿಲ್ಲ, ನಕ್ಷೆಯ ಮೇಲೆ ಎಳೆದರು ಎಂದರೆ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಆ ಗೆರೆಯ ಆಚೆಗೂ ಈಚೆಗೂ ಏನೇನಾಯಿತು ಎಂದು ಹೇಳುತ್ತ ಹೋದಂತೆ ನಗು ನಿಲ್ಲುತ್ತಿತ್ತು. ನಿಮ್ಮ ಗೆರೆಯನ್ನು ಅದರ ಪಕ್ಕದಲ್ಲಿ ಇಡುವಷ್ಟು ದಡ್ಡ ನಾನಲ್ಲ. ಅಲ್ಲಿ ಜೀವ ಹೋದವು, ಇಲ್ಲಿ ನಮ್ಮ ಮರ್ಯಾದೆ ಮತ್ತು ಮುಳ್ಳುತಂತಿಗೆ ಸಿಕ್ಕಿ ಬಿದ್ದು ನಜ್ಜಾದ ಒಂದು ತಂಬಿಗೆ ಹೋಗಿವೆ. ಆದರೆ ಎಳೆಯುವ ಕೈಯ ಅಭ್ಯಾಸ ಅದೇ ಅಲ್ಲವೇ? ವಿಭಜನೆಯ ಮುಂದಿನ ಪಾಠವೇ ಸಂಸ್ಥಾನಗಳ ವಿಲೀನ. ಐನೂರಕ್ಕೂ ಹೆಚ್ಚು ಸಂಸ್ಥಾನಗಳು ಹೋಗಿ ಒಂದು ದೇಶವಾಯಿತು ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ. ತಾವು ಅದರಲ್ಲೊಂದನ್ನು ಮರಳಿ ಬದುಕಿಸಿದ್ದೀರಿ, ಒಂದು ಬಚ್ಚಲಿನಷ್ಟು ಅಗಲದ್ದು. ದರಬಾರು ಯಾವಾಗ? ದೊರೆಗೆ ನಜರಾಣೆ ಒಪ್ಪಿಸಲು ಸಾಬೂನು ನಡೆಯುತ್ತದೆಯೇ? ಗೆರೆ ಬದಲಾಗಲೇಬಾರದು ಎಂದು ನಾನು ಹಟ ಹಿಡಿದಿಲ್ಲ. ನನ್ನ ತಂಗಿ ಸಿದ್ದಲಿಂಗವ್ವ ಕಿತ್ತೂರಿನ ಸೊಸೆ. ಬೈಲಹೊಂಗಲ ತಾಲೂಕಿಗೆ ಮದುವೆಯಾಗಿ ಹೋದವಳು, ಒಂದು ದಿನ ಎದ್ದು ನೋಡಿದರೆ ಕಿತ್ತೂರು ತಾಲೂಕಿನವಳಾಗಿದ್ದಳು. ಅವಳ ಮನೆಯವರೆಲ್ಲ ಹಬ್ಬ ಮಾಡಿದರು. ಅವಳ ಬಚ್ಚಲಿಗೆ ಯಾರೂ ಕಾವಲು ಹಾಕಲಿಲ್ಲ.

ಇನ್ನು ನಮ್ಮವ್ವನ ಮಾತು. ಅವಳ ಹೆಸರು ರಾಯವ್ವ. ತೊಂಬತ್ತು ದಾಟಿ ಎಷ್ಟೋ ವರ್ಷವಾಗಿದೆ, ಲೆಕ್ಕವನ್ನು ಅವಳೂ ಬಿಟ್ಟಿದ್ದಾಳೆ. ಕಣ್ಣು ಮಂದವಾಗಿದ್ದರೂ ತನ್ನ ಸೀರೆಯನ್ನು ಈಗಲೂ ತಾನೇ ಆ ಕಲ್ಲಿನ ಮೇಲೆ ಒಗೆಯುತ್ತಾಳೆ, ಒಗೆಯುತ್ತಿದ್ದಳು. ಅಳತೆಗೆ ಬಂದ ನಿಮ್ಮ ಸರ್ವೇಯರು ಒಳ್ಳೆಯ ಹುಡುಗ. ಅಜ್ಜಿ, ಕಲ್ಲು ಮುಟ್ಟಬೇಡಿ, ಅದಕ್ಕೆ ಇತಿಹಾಸವಿದೆ ಎಂದು ನಯವಾಗಿ ಹೇಳಿದ. ಅವಳು ಅವನನ್ನು ಹತ್ತಿರ ಕರೆದು ಕೂರಿಸಿಕೊಂಡಳು. ಅಂದು ಅವಳು ಹೇಳಿದ್ದನ್ನು ನಾನೂ ಅದೇ ಮೊದಲ ಸಲ ಕೇಳಿದೆ.

ಅದು ಎರಡನೆಯ ಮಹಾಯುದ್ಧದ ಕಾಲ. ಬೆಲ್ಲ, ಗೋಧಿ ಎಲ್ಲದಕ್ಕೂ ಕಂಟ್ರೋಲು. ಒಂದು ಸೀಮೆಯದು ಇನ್ನೊಂದು ಸೀಮೆಗೆ ದಾಟುವಂತಿಲ್ಲ. ಅವಳು ನಮ್ಮ ಮನೆಗೆ ಸೊಸೆಯಾಗಿ ಬಂದು ಸ್ವಲ್ಪ ದಿನವಾಗಿತ್ತು, ಇನ್ನೂ ಹುಡುಗಿ. ತವರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಾದಲಿ ತಿನ್ನುವ ಆಸೆಯಾಗಿದೆ ಎಂದು ಸುದ್ದಿ ಬಂತು. ಅತ್ತೆ ಗೋಧಿ ಹುರಿದು ಬೆಲ್ಲ ಕುಟ್ಟಿ ಮಾದಲಿ ಮಾಡಿ ಗಂಟು ಕಟ್ಟಿ ಕೊಟ್ಟಳು. ಈ ಕಲ್ಲಿನ ಹತ್ತಿರ ಸಂಸ್ಥಾನದ ಒಬ್ಬ ಕಾರಕೂನ, ಇಂಗ್ಲಿಷರ ಒಬ್ಬ ಕಾರಕೂನ, ಇಬ್ಬರೂ ಒಂದೇ ಮರದ ನೆರಳಿನಲ್ಲಿ ಕೂತಿದ್ದರು. ಗಂಟು ಬಿಚ್ಚಿಸಿದರು. ಇದರಲ್ಲಿ ಬೆಲ್ಲವಿದೆ, ಹೊರಗೆ ಬಿಡುವಂತಿಲ್ಲ ಎಂದ ಈ ಕಡೆಯವನು. ಬೆಲ್ಲವಲ್ಲ, ಇದು ಗೋಧಿ ಹಿಟ್ಟು, ನಮ್ಮ ಕಡೆ ಒಳಗೆ ಬಿಡುವಂತಿಲ್ಲ ಎಂದ ಆ ಕಡೆಯವನು. ಬೆಲ್ಲವೋ, ಹಿಟ್ಟೋ, ಅಥವಾ ಬರೀ ಅಡುಗೆಯೋ ಎಂದು ತೀರ್ಮಾನಿಸಲು ಇಬ್ಬರೂ ಒಂದೊಂದು ಹಿಡಿ ತಿಂದು ನೋಡಿದರು. ತೀರ್ಮಾನವಾಗಲಿಲ್ಲ, ಇನ್ನೊಂದು ಹಿಡಿ ತಿಂದರು. ಗಂಟು ಇಲ್ಲೇ ಬಿಟ್ಟು ಹೋಗುತ್ತೇನೆ ಎಂದಳು ಹುಡುಗಿ. ವಾರಸುದಾರರಿಲ್ಲದ ಮಾಲು ಗಡಿಯಲ್ಲಿ ಇಡುವುದು ಗುನ್ಹೆ ಎಂದರು. ಮನೆಗೆ ತಿರುಗಿ ಒಯ್ಯುತ್ತೇನೆ ಎಂದಳು. ನಾಕಾಕ್ಕೆ ಬಂದ ಮಾಲು ತೀರ್ಮಾನವಾಗದೆ ತಿರುಗಿ ಹೋಗುವಂತಿಲ್ಲ ಎಂದರು. ಅವಳು ಈ ಕಲ್ಲಿನ ಮೇಲೆ ಕೂತಳು. ಹಳ್ಳದ ಆಚೆ ತವರಿನ ಮನೆಯ ಮಾಳಿಗೆ ಕಾಣುತ್ತಿತ್ತು.

"ಅಲ್ಲೇ ಕುಂತಿದ್ನಿ, ಆ ಕಡಿಂದ ಅಳೂ ಸಪ್ಪಳ ಬಂತು. ಮೊದಲ ನಮ್ಮ ಚಿಗವ್ವಂದು, ಆಮ್ಯಾಲೆ ಎಲ್ಲಾರದೂ. ನಮ್ಮವ್ವನ ಸಾವು ನಾ ನೋಡಿಲ್ಲ ತಮ್ಮಾ, ಈ ಕಲ್ಲಿನ ಮ್ಯಾಲೆ ಕುಂತು ಕೇಳೇನಿ. ಎದ್ದು ನಿಂತು, ಈಗರ ಹೋಗಲ್ಯಾ ಅಂತ ಕೇಳಿದ್ನಿ. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ."

ಕೊನೆಗೆ ಅವಳ ಅಣ್ಣ ಬಂದು ಕೈಹಿಡಿದು ತವರಿಗೆ ಎಳೆದುಕೊಂಡು ಹೋದನಂತೆ. ಸಂಸ್ಥಾನ ಹೋದ ದಿನ ನಮ್ಮಪ್ಪ ಬೇರೆ ಯಾವ ಕಲ್ಲನ್ನೂ ಅಲ್ಲ, ಇದನ್ನೇ ಕಿತ್ತು ತಂದು ಹೆಂಡತಿಯ ಎದುರು ಕೆಡವಿ, ತಗೋ, ದಿನಾ ಬಡಿ ಎಂದಿದ್ದನಂತೆ. ಅವಳು ದಿನಾ ಬಡಿದಿದ್ದಾಳೆ. ನಿಮ್ಮ ಸರ್ವೇಯರು ಕಣ್ಣೊರೆಸಿಕೊಂಡ. ಆಮೇಲೆ ಏನು ಮಾಡುತ್ತಾನೆ, ಮೇಲಿನ ಆದೇಶವಿತ್ತು, ಬೇಲಿ ಹಾಕಿಸಿ ಹೋದ. ಹೋಗುವಾಗ ಅವಳ ಕಾಲಿಗೆ ನಮಸ್ಕಾರ ಮಾಡಿದ.

ಇಲ್ಲಿಯವರೆಗೆ ಬರೆದದ್ದನ್ನೆಲ್ಲ ನಾನು ನಗುತ್ತ ಸಹಿಸಿಕೊಳ್ಳಬಹುದಿತ್ತು. ಹೋದ ವಾರ ಒಂದು ಬೆಳಿಗ್ಗೆ ನಡೆದದ್ದನ್ನು ಸಹಿಸಲಾರೆ. ನಮ್ಮವ್ವ ಹೆಗಲ ಮೇಲೆ ಟವೆಲು ಹಾಕಿಕೊಂಡು ಬೇಲಿಯ ಕಂಡಿಯ ಹತ್ತಿರ ನಿಂತಿದ್ದಳು. ಬೀರಪ್ಪ ಚಹಾ ಕುಡಿಯಲು ಹೋಗಿದ್ದ. ಕುರ್ಚಿ ಖಾಲಿಯಿತ್ತು. ತಡೆಯುವವರು ಯಾರೂ ಇರಲಿಲ್ಲ. ಯಾಕೆ ನಿಂತಿದ್ದೀ ಎಂದು ಕೇಳಿದೆ.

"ಹೋಗಲ್ಯಾ ಅಂತ ಕೇಳು, ಸತ್ಯಾ" ಎಂದಳು.

"ಯಾರನ್ನ ಕೇಳ್ಲೆವ್ವಾ? ಯಾರೂ ಇಲ್ಲ. ನೀ ನಡಿ."

"ಯಾರೂ ಇಲ್ಲಂದ್ರ ಕೂಡ್ತೇನಿ" ಎಂದು ಅಲ್ಲೇ ನೆಲದ ಮೇಲೆ ಕೂತಳು.

ಇದು ನಮ್ಮ ಹಿತ್ತಲು, ಇದು ನಿನ್ನ ಮನೆ ಎಂದು ಹೇಳಿದೆ. ದುರ್ಗಾ ಕೈಹಿಡಿದು ಎಬ್ಬಿಸಲು ನೋಡಿದಳು. ಬೀರಪ್ಪ ಓಡಿಬಂದು, ನಿಮ್ಮ ಹೆಸರು ಬರಿಯೂದಿಲ್ಲ, ಹೋಗ್ರಿ ಆಯಿ ಎಂದು ಅಂಗಲಾಚಿದ. ಅವಳು ಅವನ ಮುಖವನ್ನು ದಿಟ್ಟಿಸಿ ನೋಡಿ, ನೀನು ಪಗಾರದ ಆಳು, ಮೇಲಿನವರನ್ನು ಕೇಳು ಎಂದಳು. ಅಂದಿನಿಂದ ಪಡಸಾಲೆಯ ಮೂಲೆಯಲ್ಲೇ ಹಂಡೆ ಇಟ್ಟು ಅವಳಿಗೆ ಸ್ನಾನ ಮಾಡಿಸುತ್ತಿದ್ದೇವೆ. ದಿನಾ ಬೆಳಿಗ್ಗೆ ಬಂದು ಕಂಡಿಯ ಎದುರು ಕೂರುತ್ತಾಳೆ, ಬಿಸಿಲೇರಿದ ಮೇಲೆ ಎದ್ದು ಒಳಗೆ ಹೋಗುತ್ತಾಳೆ. ಮಾನ್ಯರೇ, ಇದನ್ನು ಯಾವ ಕಾಲಂನಲ್ಲಿ ಬರೆಯಬೇಕೋ ಬರೆದುಕೊಳ್ಳಿ.

ನನ್ನ ಬೇಡಿಕೆ ದೊಡ್ಡದಲ್ಲ. ಬೇಲಿ ತೆಗೆಸಿ. ಕಲ್ಲು ಬೇಕಿದ್ದರೆ ಒಯ್ಯಿರಿ, ನಿಮ್ಮ ಕಚೇರಿಯ ಬಾಗಿಲಲ್ಲಿ ನೆಟ್ಟುಕೊಳ್ಳಿ. ಹೇರಲು ಊರಿನವರನ್ನು ನಾನೇ ಕರೆತರುತ್ತೇನೆ. ಆದರೆ ಅದಕ್ಕೂ ಮೊದಲು ತಾವೇ ಬರಬೇಕು. ಆದೇಶ ಕಳಿಸಬೇಡಿ, ಅವಳಿಗೆ ಓದಲು ಬರುವುದಿಲ್ಲ. ಕಿರಿಯರನ್ನು ಕಳಿಸಬೇಡಿ, ಅವಳು ನಂಬುವುದಿಲ್ಲ. ನಮ್ಮ ಹಿತ್ತಲಿಗೆ ಬಂದು, ಅವಳು ಕಂಡಿಯ ಎದುರು ಕೂತಿರುವಾಗ, ಅವಳಿಗೆ ಕೇಳುವ ಹಾಗೆ ಗಟ್ಟಿಯಾಗಿ "ಹೋಗವ್ವಾ" ಎಂದು ಒಂದು ಮಾತು ಹೇಳಬೇಕು. ಸ್ವಾತಂತ್ರ್ಯ ಬಂದಿದೆ, ಯಾರನ್ನೂ ಕೇಳಬೇಕಾಗಿಲ್ಲ ಎಂದು ನಾನು ಹೇಳಿ ನೋಡಿದೆ. ಮಗ ಹೇಳಿದರೆ ಸಾಲದಂತೆ, ಸರ್ಕಾರ ಹೇಳಬೇಕಂತೆ.

ಇಂತಿ,
ಸ್ವಂತ ಬಚ್ಚಲಿಗೆ ಪರಸ್ಥಳದವನಾದ
ಸತ್ಯಪ್ಪ ಶಟ್ಟೆಪ್ಪ, ನಿವೃತ್ತ ಇತಿಹಾಸ ಶಿಕ್ಷಕ
ಮುದ್ದೇನಕೊಪ್ಪ, ತಾಲೂಕು: ತಾವು ಹೇಳಿದಂತೆ