ಅಪ್‌ಡೇಟ್ ಒಯ್ದ ದನಿ

ಫೋನುಗಳಿಗೆ ಹೊಸ ತಂತ್ರಾಂಶ ಕಳಿಸುವ ವಿಭಾಗದ ಮುಖ್ಯಸ್ಥರೇ,

ಕಳೆದ ಮಂಗಳವಾರ ನೀವು ಕಳಿಸಿದ ಅಪ್‌ಡೇಟ್ ನನ್ನ ಮಾತನ್ನು ಅಳಿಸಿಹಾಕಿದೆ. ಇದು ಅಲಂಕಾರವಲ್ಲ. ಎರಡು ವರ್ಷದ ಹಿಂದೆ ಗಂಟಲಿನ ಗಡ್ಡೆಯ ಜೊತೆಗೆ ವೈದ್ಯರು ನನ್ನ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಅಂದಿನಿಂದ ನಾನು ಫೋನಿನಲ್ಲಿ ಬರೆಯುತ್ತೇನೆ, ಅದು ಓದಿ ಹೇಳುತ್ತದೆ. ಹೆಣ್ಣಿನ ದನಿ, ತುಸು ಅವಸರದ್ದು. ಮೊದಮೊದಲು ನಾಚಿಕೆಯಾಯಿತು. ಆಮೇಲೆ ಕನಸಿನಲ್ಲೂ ಅದೇ ದನಿಯಲ್ಲಿ ಮಾತಾಡತೊಡಗಿದೆ. ‘ಒಪ್ಪಿದ್ದೇನೆ’ ಎಂದು ಒತ್ತಿದವನು ನಾನೇ, ನಿಜ. ಯಾವುದಕ್ಕೆ ಒಪ್ಪಿದೆನೆಂದು ನೀವು ಹೇಳಿರಲಿಲ್ಲ.

ಈಗ ಅದು ಕನ್ನಡ ಅಕ್ಷರ ಬಂದಲ್ಲೆಲ್ಲ ಸುಮ್ಮನಿದ್ದು, ಅಂಕಿ ಬಂದಲ್ಲಿ ಮಾತ್ರ ಬಾಯಿ ತೆರೆಯುತ್ತದೆ, ಅದೂ ಇಂಗ್ಲಿಷಿನಲ್ಲಿ. ಬೆಟಗೇರಿಯ ನನ್ನ ಸೀರೆ ಅಂಗಡಿಯಲ್ಲಿ ‘ಇದು 9 ಗಜ ಐತ್ರಿ, 2 ಬಣ್ಣದಾಗ ಬರತೈತಿ’ ಎಂದು ಬರೆದೆ. ಫೋನು ‘ನೈನ್, ಟೂ’ ಎಂದಿತು. ಶಿಗ್ಲಿಯಿಂದ ಬಂದಿದ್ದ ಗಿರಾಕಿ ಮಾಳವ್ವ ನಕ್ಕಳು: “ಏನ್ರಿ ಸಾವ್ಕಾರ್ರ, ಈ ವಯಸ್ಸಿನ್ಯಾಗ ಇಂಗ್ಲೀಷ್ ಸಾಲಿಗೆ ಹೊಂಟೀರೇನು?” ನಾನೂ ನಕ್ಕೆ. ನಗಲು ದನಿ ಬೇಕಿಲ್ಲ.

ಫೋನು ಆರಿಸಿ ಮತ್ತೆ ಹಚ್ಚಿದೆ. ಭಾಷೆಯನ್ನು ತೆಗೆದು ಮತ್ತೆ ಸೇರಿಸಿದೆ. ಗದಗಿನಲ್ಲಿ ರಿಪೇರಿ ಮಾಡುವ ರಹಮಾನಸಾಬರು ಎಲ್ಲವನ್ನೂ ಅಳಿಸಿ ಮೊದಲಿಂದ ಹಚ್ಚಿದರು. “ಫೋನಿಗೆ ಏನೂ ಆಗಿಲ್ರಿ. ಹಳೇ ದನಿ ಕಂಪನ್ಯಾವ್ರ ಕಡೇನ ಐತಿ, ಅವ್ರ ಬಿಡಬೇಕು,” ಎಂದರು. ಹೆಂಡತಿ ಸಾವಿತ್ರೆವ್ವ ನಿಮ್ಮ ಸಹಾಯವಾಣಿಗೆ ಕರೆ ಮಾಡಿದಳು. ಫೋನಿನ ಒಡೆಯರೇ ಮಾತಾಡಿ ಹೆಸರು ಖಚಿತಪಡಿಸಬೇಕೆಂದು ನಿಮ್ಮ ಸಿಬ್ಬಂದಿ ಬಹಳ ಸೌಜನ್ಯದಿಂದ ತಿಳಿಸಿದರು. “ಅವ್ರಿಗೆ ಮಾತ ಬರೂದಿಲ್ಲಂತನ ಫೋನ್ ಹಚ್ಚೇನಲ್ರಿ ಯಪ್ಪಾ!” ಎಂದಳು. ನಿಯಮ ನಿಯಮವೇ. ನಾನು ಫೋನು ಹಿಡಿದು ಉಸಿರಾಡಿದೆ. ಧ್ವನಿ ಕೇಳಿಸುತ್ತಿಲ್ಲವೆಂದು ದೂರನ್ನು ಮುಚ್ಚಿದರು. ನನ್ನ ದೂರನ್ನು ಇದಕ್ಕಿಂತ ನಿಖರವಾಗಿ ಯಾರು ದಾಖಲಿಸಬಲ್ಲರು?

ಬರುವ ಭಾನುವಾರ ಮಗಳು ಅಂಕಿತಾಳ ನಿಶ್ಚಯ. ಬೀಗರು ಲಕ್ಷ್ಮೇಶ್ವರದವರು. ನಮ್ಮ ಮನೆತನಗಳಲ್ಲಿ ಹೆಣ್ಣಿನ ತಂದೆ ಹಿರಿಯರಿಗೆ ಕೇಳುವಂತೆ ‘ಕೊಟ್ಟೇನ್ರಿ’ ಅನ್ನಬೇಕು. ಆಮೇಲೇ ಸಕ್ಕರೆ ಹಂಚುವುದು. ತಮ್ಮ ವೀರೇಶ ತಾನೇ ಹೇಳುತ್ತೇನೆಂದ. ಅಂಕಿತಾ ಬಿಡಲಿಲ್ಲ: “ಕಾಕಾ, ನೀ ಸುಮ್ನಿರು. ಅಪ್ಪ ಫೋನಿನ್ಯಾಗ ಬೈದಾಗ ಬೈಸ್ಕೊಂಡೇನಿ. ಫೋನಿನ್ಯಾಗ ಕೊಟ್ರ ಹೋಗ್ತೇನಿ.” ಬೇರೆ ಕಂಪನಿಯ ಫೋನು ತಂದು ಅವಳ ಹೆಸರು ಬರೆದು ನೋಡಿದೆ. ಅದರದು ದಪ್ಪ ಗಂಡುದನಿ. ಅವಳು ಯಾರೋ ಬಂದರೆಂದು ಬಾಗಿಲ ಕಡೆ ತಿರುಗಿದಳು.

ಶನಿವಾರದೊಳಗೆ ಆ ಹಳೆಯ ದನಿಯನ್ನು ಮರಳಿಸಿ; ಇಲ್ಲವೇ ಹಿಂದಿನ ಆವೃತ್ತಿಗೆ ಹೋಗುವ ದಾರಿಯನ್ನಾದರೂ ತೆರೆಯಿರಿ. ಅದೂ ಆಗದಿದ್ದರೆ ಒಂದು ಚೀಟಿಯಲ್ಲಿ ಬರೆದು ಹಿಡಿಯುತ್ತೇನೆ. ಆದರೆ ನನ್ನ ಮಾತು ಕೇಳಿ ಮೊದಲು ಸಕ್ಕರೆಗೆ ಕೈಹಾಕಬೇಕಾದವರು ವರನ ಅಜ್ಜಿ ಬಸವಣ್ಣೆವ್ವ. ಅವರಿಗೆ ಓದಲು ಬಾರದು. ಸಕ್ಕರೆ ತಟ್ಟೆಯ ಮುಂದೆ ಕೂತು ನನ್ನ ಬಾಯನ್ನೇ ನೋಡುತ್ತಾರೆ.

ಇಂತಿ,
ಭಾನುವಾರದ ತನಕ ತಮ್ಮನ್ನು ನಂಬಿರುವ
ದೇವೇಂದ್ರಪ್ಪ, ಬೆಟಗೇರಿ