ಎರಡೂ ಊರುಗಳಲ್ಲಿ ಸಾಯದ ಸೊಸೆ

ಜನನ-ಮರಣಗಳ ವಾರ್ಷಿಕ ವರದಿಯನ್ನು ಸಿದ್ಧಪಡಿಸಿದ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕಚೇರಿಯಿಂದ ಹೊರಬಿದ್ದ ೧೩೫೦ನೇ ಫಸಲಿ ಸಾಲಿನ (೧೯೪೦-೪೧) ವರದಿಯಲ್ಲಿ ಒಂದು ತಪ್ಪಿದೆ. "ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗದಲ್ಲಿ ಈ ಸಾಲಿನಲ್ಲಿ ಹೆರಿಗೆಯ ಕಾರಣದಿಂದ ಯಾವ ಸ್ತ್ರೀಯೂ ಮೃತಳಾಗಿಲ್ಲ" ಎಂದು ತಾವು ಬರೆದಿದ್ದೀರಿ. ಒಬ್ಬಳು ಮೃತಳಾಗಿದ್ದಾಳೆ. ಅವಳ ಹೆಸರು ಶೇಖರಮ್ಮ, ನನ್ನ ಸೊಸೆ. ಅವಳ ಸಮಾಧಿಗೆ ಮಣ್ಣು ಹಾಕಿದವರಲ್ಲಿ ನಾನೂ ಒಬ್ಬ. ಅಂಥವರು ಇನ್ನೆಷ್ಟು ಮಂದಿಯೋ ನಾನರಿಯೆ, ಆದರೆ ಇವಳೊಬ್ಬಳ ಮಟ್ಟಿಗೆ ಪ್ರಮಾಣ ಮಾಡಿ ಹೇಳಬಲ್ಲೆ. ತಮ್ಮ ವಾಕ್ಯ ಸುಳ್ಳಾಗಲು ಒಬ್ಬಳು ಸಾಕು.

ಈ ವಾಕ್ಯವನ್ನು ಮೊದಲು ಕನ್ನಡದ ವಾರಪತ್ರಿಕೆಯೊಂದರಲ್ಲಿ ಓದಿದಾಗ, ಅನುವಾದಿಸಿದವರ ಅಜಾಗರೂಕತೆ ಇರಬೇಕೆಂದು ತಮ್ಮ ಪರವಾಗಿಯೇ ಯೋಚಿಸಿದೆ. ಉರ್ದು ಮೂಲವನ್ನು ತರಿಸಿ ನೋಡಿದೆ. ಅನುವಾದಕರು ನಿರಪರಾಧಿಗಳು. ಮೂಲದಲ್ಲಿ ತಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಶುಭಫಲಕ್ಕೆ ಆಡಳಿತದ ದೂರದೃಷ್ಟಿಯೂ ಈ ಸೀಮೆಯ ಒಣಹವೆಯೂ ಕಾರಣವೆಂದು ವಿವರಿಸಿದ್ದೀರಿ. ಒಣಹವೆಯ ವಿಷಯದಲ್ಲಿ ನನ್ನ ತಕರಾರಿಲ್ಲ. ಅದು ತಮ್ಮ ಕಚೇರಿಯ ನೆರವಿಲ್ಲದೆ ಬೀಸುತ್ತದೆ. ದೂರದೃಷ್ಟಿಯ ವಿಷಯ ಬೇರೆ. ಕಾಲಬುಡದಲ್ಲಿ ಬಿದ್ದ ಹೆಣವನ್ನು ದಾಟಿ ನೋಡುವುದಕ್ಕೂ ಆ ಹೆಸರೇ ಸಲ್ಲುವುದಾದರೆ, ಆ ಗುಣ ತಮ್ಮಲ್ಲಿ ಬೇಕಾದಷ್ಟಿದೆ.

ನಾನು ಜೀವಮಾನವಿಡೀ ಮಕ್ಕಳ ವಾಕ್ಯಗಳನ್ನು ತಿದ್ದಿದವನು. "ಯಾರೂ ಸತ್ತಿಲ್ಲ" ಎಂಬುದು ಒಂದು ವಾಕ್ಯ. "ಸತ್ತವರ ಸುದ್ದಿ ನಮ್ಮ ತನಕ ಬಂದಿಲ್ಲ" ಎಂಬುದು ಇನ್ನೊಂದು. ಎರಡನೆಯದನ್ನು ಬರೆಯಬೇಕಾದಲ್ಲಿ ಮೊದಲನೆಯದನ್ನು ಬರೆದ ಹುಡುಗನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ತಮ್ಮನ್ನು ಸರ್ಕಾರ ಕುರ್ಚಿಯ ಮೇಲೆ ಕೂರಿಸಿದೆ.

ತಪ್ಪನ್ನು ತೋರಿಸಿ ಸುಮ್ಮನಾಗುವುದು ಮಾಸ್ತರನಿಗೆ ಸಲ್ಲದು. ಅದು ಹೇಗೆ ಹುಟ್ಟಿತೆಂಬುದನ್ನೂ ಹೇಳಬೇಕು. ನಮ್ಮ ಸೀಮೆಯಲ್ಲಿ ಹೆಣ್ಣುಮಗಳ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಇದನ್ನು ಪತ್ತೆ ಹಚ್ಚಲು ಇಲಾಖೆ ಬೇಕಿಲ್ಲ, ತಮ್ಮ ಮನೆಯ ಹೆಂಗಸರನ್ನು ಕೇಳಿದ್ದರೆ ಹೇಳುತ್ತಿದ್ದರು. ತಾವು ಹಿರಿಯ ಮಗನಾಗಿದ್ದರೆ ತಾವು ಹುಟ್ಟಿದ್ದೂ ತಮ್ಮ ತಾಯಿಯ ತವರಿನಲ್ಲೇ ಇರಬೇಕು. ಅತ್ತೆಯ ಮನೆಯವರು ಕುಬಸ ಮಾಡಿ ಕಳಿಸುತ್ತಾರೆ. ತವರಿನವರು ಬಾಣಂತನ ಮುಗಿಸಿ, ತೊಟ್ಟಿಲ ಸಮೇತ ಮರಳಿ ಕಳಿಸುತ್ತಾರೆ. ನಡುವಿನ ತಿಂಗಳುಗಳಲ್ಲಿ ಎರಡು ಮನೆಗಳ ಕಣ್ಣೂ ಅವಳ ಮೇಲಿರುತ್ತದೆ. ತಮ್ಮ ಇಲಾಖೆಯ ಪಾಲಿಗೆ ಮಾತ್ರ ಆ ತಿಂಗಳುಗಳಲ್ಲಿ ಅವಳು ಯಾವ ಊರಿನವಳೂ ಅಲ್ಲ.

ಶೇಖರಮ್ಮನ ತವರು ಇರಕಲ್ಲಗಡದ ಆಚೆಯ ಒಂದು ಹಳ್ಳಿ, ಜಾಗೀರಿಗೆ ಸೇರಿದ್ದು. ನಮ್ಮದು ಹನುಮಸಾಗರದ ಹತ್ತಿರದ ಹಳ್ಳಿ; ನೇರ ಸರ್ಕಾರದ್ದು. ಎರಡೂ ಊರುಗಳ ಹೆಸರನ್ನು ತಮಗೆ ಬೇರೆಯಾಗಿ ರಿಜಿಸ್ಟರ್ ಟಪಾಲಿನಲ್ಲಿ ತಿಳಿಸಿದ್ದೇನೆ. ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೆ ತಾವು ಇಬ್ಬರು ಪೊಲೀಸ್ ಪಾಟೀಲರಿಗೆ ದಂಡ ವಿಧಿಸಿ, ನ್ಯಾಯ ಮುಗಿಯಿತೆಂದು ಪತ್ರಿಕೆಗೆ ಉತ್ತರ ಬರೆಯುತ್ತೀರಿ. ನನ್ನ ಜಗಳ ಅವರೊಂದಿಗಲ್ಲ.

ಹೋದ ವರ್ಷ ಮುಂಗಾರಿಗೆ ಮುಂಚೆ ಶೇಖರಮ್ಮ ಹಸಿರು ಸೀರೆ ಉಟ್ಟು, ಗಾಡಿಯಲ್ಲಿ ಹಾಸಿದ ಕೌದಿಯ ಮೇಲೆ ಕುಳಿತು, ಅತ್ತೆಗೆ ಉಪ್ಪಿನಕಾಯಿಯ ಭರಣಿಯನ್ನು ಬಿಸಿಲಿಗಿಡಲು ಮರೆಯಬೇಡಿರೆಂದು ಹೇಳಿ ಹೋದಳು. ಗಂಡು ಮಗು ಹುಟ್ಟಿತು. ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಆ ಊರಿನ ಸೂಲಗಿತ್ತಿ ಮಾಳವ್ವ ತಿಳಿದದ್ದನ್ನೆಲ್ಲ ಮಾಡಿ, ಇನ್ನು ತನ್ನಿಂದಾಗದು, ಕೊಪ್ಪಳದಿಂದ ಡಾಕ್ಟರರನ್ನು ಕರೆತನ್ನಿರೆಂದಳು. ಕರೆಯಲು ಹೋದ ಗಾಡಿ ಕೊಪ್ಪಳವನ್ನು ಮುಟ್ಟುವ ಮೊದಲೇ ಶೇಖರಮ್ಮ ತೀರಿಕೊಂಡಳು. ನಾನೂ ನನ್ನ ಮಗನೂ ಅಲ್ಲಿ ಇಳಿಯುವಷ್ಟರಲ್ಲಿ ಕುಣಿ ತೆಗೆದಿದ್ದರು.

ಕರ್ಮಗಳೆಲ್ಲ ಮುಗಿದ ಮೇಲೆ ನನ್ನ ಬೀಗರಾದ ಗವಿಸಿದ್ದಪ್ಪನವರು ತಮ್ಮ ಊರಿನ ಪೊಲೀಸ್ ಪಾಟೀಲರ ಬಳಿ ಹೋಗಿ ಮಗಳ ಸಾವನ್ನು ಬರೆದುಕೊಳ್ಳಿರೆಂದರು. ಪಾಟೀಲರು ಎಲೆ ಅಡಿಕೆ ಕೊಟ್ಟು ಕೂರಿಸಿ, ಬಹಳ ಸಮಾಧಾನದಿಂದ ಕೇಳಿದರಂತೆ:

"ಗವಿಸಿದ್ದಪ್ಪ, ಕೊಟ್ಟ ಹೆಣ್ಣು ಕೊಟ್ಟ ಮನಿಯಾಕಿ. ಮೊನ್ನಿ ತಲಿ ಎಣಿಸಿದಾಗ ಆಕಿ ನಮ್ಮೂರಾಗ ಇದ್ಲೇನು? ಇಲ್ಲ. ಇಲ್ಲದಾಕಿ ಇಲ್ಲಿ ಹೆಂಗ ಸಾಯ್ತಾಳ?"

ಊರಿಗೆ ಮರಳಿ ನಾನು ನಮ್ಮ ಪಾಟೀಲರಲ್ಲಿಗೆ ಹೋದೆ. ಅವರು ನನ್ನಲ್ಲೇ ಓದಿದವರು. ನನ್ನನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾರೆ. ನಿಂತೇ ಹೇಳಿದರು: "ಮಾಸ್ತರ್ರ, ನಿಮ್ಮ ಸೊಸಿ ಗಾಡ್ಯಾಗ ಕುಂತು ನಕ್ಕೋತ ಹೋಗಿದ್ದು ನಾನ ನೋಡೀನಿ. ನಮ್ಮೂರಾಗ ಹೆಣ ಎದ್ದಿಲ್ಲ, ಕುಣಿ ತೆಗೆದಿಲ್ಲ. ಸತ್ತಾರಂತ ಬರದ್ರ ನಾಳಿಗೆ ತಪಾಸಣೆಗೆ ಗಿರ್ದಾವರ ಬಂದು ಕುಣಿ ತೋರ್ಸು ಅಂತಾನ. ಎಲ್ಲಿಂದ ತರ್ಲಿರಿ?"

ಇಬ್ಬರೂ ಸುಳ್ಳು ಹೇಳಲಿಲ್ಲ. ತಮ್ಮ ಮೇಲಿನವರು ಕಲಿಸಿದ್ದನ್ನೇ ಒಪ್ಪಿಸಿದರು. ಊರಿನವರಲ್ಲದವರನ್ನು ಬರೆಯಕೂಡದೆಂದು ಒಬ್ಬರಿಗೆ ತಾಕೀತು. ಊರಿನಲ್ಲಿ ಆಗದ ಸಾವನ್ನು ಬರೆಯಕೂಡದೆಂದು ಇನ್ನೊಬ್ಬರಿಗೆ ತಾಕೀತು. ಈ ಎರಡು ತಾಕೀತುಗಳ ನಡುವೆ ಒಂದು ಸಂದಿಯಿದೆ. ಅದರ ಅಗಲ ಒಬ್ಬ ಚೊಚ್ಚಲ ಬಾಣಂತಿ ಬೀಳುವಷ್ಟು.

ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿದೆ. ಶೇಖರಮ್ಮನ ಸಾವನ್ನು ಬರೆಯಲೊಪ್ಪದ ಅವಳ ತವರೂರಿನ ಪಾಟೀಲರೇ ಅವಳು ಹೆತ್ತ ಮಗುವಿನ ಜನನವನ್ನು ಕೂಡಲೇ ಬರೆದುಕೊಂಡಿದ್ದರು. ಸಿಡುಬು ಬಾರದಂತೆ ದೇವಿ ಹಾಕುವವರಿಗೆ ಹುಟ್ಟಿದ ಕೂಸುಗಳ ಯಾದಿ ಬೇಕು. ಯಾದಿಯಲ್ಲಿ ಕೂಸು ತಪ್ಪಿದರೆ ಪಾಟೀಲರಿಗೆ ಛೀಮಾರಿ. ಆದ್ದರಿಂದ ಕೂಸಿನ ಮುಂದೆ "ತಾಯಿ: ಶೇಖರಮ್ಮ, ಇದೇ ಊರಿನಲ್ಲಿ" ಎಂದು ಸ್ಪಷ್ಟವಾಗಿ ಬರೆದಿದೆ. ಹೆರುವಾಗ ಆ ಊರಿನಲ್ಲಿದ್ದ ಹೆಂಗಸು ಅದೇ ಚಾಪೆಯ ಮೇಲೆ, ಅದೇ ದಿನ, ಸಾಯುವಾಗ ಮಾತ್ರ ಅಲ್ಲಿರಲಿಲ್ಲ. ಇಂಥದ್ದನ್ನು ಹಿಂದಿನವರು ಪವಾಡವೆಂದು ಪೂಜೆ ಮಾಡುತ್ತಿದ್ದರು. ತಾವು ಅಂಕಿ ಅಂಶವೆಂದು ಅಚ್ಚು ಹಾಕಿಸುತ್ತೀರಿ.

ಹಿಂದಿನ ಮರ್ದುಮ್ ಶುಮಾರಿಯಲ್ಲಿ ನಾನೂ ಮನೆ ಮನೆ ಅಲೆದು ತಲೆ ಎಣಿಸಿದವನು. ಆಗ ತಮ್ಮಂಥವರೇ ನಮಗೆ ಕೊಟ್ಟ ಅಪ್ಪಣೆ ಏನಾಗಿತ್ತು? ಗೊತ್ತುಮಾಡಿದ ಹೊತ್ತಿನಲ್ಲಿ ಯಾರು ಎಲ್ಲಿ ಕಂಡರೋ ಅಲ್ಲೇ ಬರೆಯಿರಿ; ಛತ್ರದಲ್ಲಿ ಕಂಡರೆ ಛತ್ರದಲ್ಲಿ, ಗಾಡಿಯ ಕೆಳಗೆ ಮಲಗಿದ್ದರೆ ಗಾಡಿಯ ಕೆಳಗೆ. ಬೈರಾಗಿಯೊಬ್ಬ ತನ್ನ ಊರೇ ನೆನಪಿಲ್ಲವೆಂದ, ಅವನನ್ನೂ ಬರೆದೆವು. ಬದುಕಿರುವವರ ತಲೆಗೆ ತೆರಿಗೆಯ ಬೆಲೆ ಇರುವುದರಿಂದ ಅವರು ನಿಂತಲ್ಲೇ ಊರು ಹುಟ್ಟುತ್ತದೆ. ಸತ್ತವಳಿಗೆ ಆ ನಿಯಮವೇಕಿಲ್ಲ? ಉಸಿರು ಎಲ್ಲಿ ನಿಂತಿತೋ ಅಲ್ಲಿ ಬರೆಯಿರೆಂಬ ಒಂದು ಸಾಲನ್ನು ರಚಿಸಲು ಎಷ್ಟು ವರ್ಷಗಳ ವಿದ್ಯಾಭ್ಯಾಸ ಬೇಕು?

ಹೆರಿಗೆಯ ಅಂಕಣ ಹೀಗಿದ್ದರೆ ಉಳಿದ ಅಂಕಣಗಳು ಹೇಗಿವೆಯೆಂದು ನೋಡಿದೆ. ತಮ್ಮ ವರದಿಯ ಪ್ರಕಾರ ಇಲ್ಲಿಯ ಜನ ಬಹುಪಾಲು ಸಾಯುವುದು ಜ್ವರದಿಂದ. ನಮ್ಮ ಊರಿನ ಹನಮಪ್ಪ ಗಾಡಿಯ ಕಬ್ಬಿಣದ ಪಟ್ಟಿಯ ಗಾಲಿಗೆ ಸಿಕ್ಕು ತೊಡೆ ಮುರಿದುಕೊಂಡ. ಸಾಯುವ ಮುನ್ನ ಮೈ ಬಿಸಿಯಾಗಿತ್ತಾದ್ದರಿಂದ ಅವನದು ಜ್ವರ. ಮುದುಕಿ ಹುಲಗೆಮ್ಮ ವಯಸ್ಸಾಗಿ, ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚಿದಳು, ಅದೂ ಜ್ವರ. ಸಿಡುಬಿನಿಂದ ಹೋದ ಕೂಸಿನ ಮನೆಯವರು ಅಮ್ಮನ ಹೆಸರು ಎತ್ತಲು ಅಂಜುತ್ತಾರೆ. ಹೀಗಾಗಿ ಆ ಕೂಸುಗಳೂ ಜ್ವರದ ಲೆಕ್ಕಕ್ಕೇ. ಪ್ಲೇಗು ಬಿದ್ದ ವರ್ಷ ಊರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಪಾಟೀಲರೂ ಸಂಸಾರದೊಂದಿಗೆ ಹೋದರು. ಆದ್ದರಿಂದ ಆ ತಿಂಗಳು ಊರಿನಲ್ಲಿ ಯಾರೂ ಸತ್ತಿಲ್ಲ. ಸಾಯಲು ಊರಿನಲ್ಲಿ ಯಾರೂ ಇರಲಿಲ್ಲವಲ್ಲ.

ಇವನ್ನೆಲ್ಲ ಕೂಡಿಸಿ ತಾವು ಒಂದು ನಕ್ಷೆ ಬರೆಸಿದ್ದೀರಿ. ಅದರಲ್ಲಿ ಮರಣದ ಗೆರೆ ವರ್ಷದಿಂದ ವರ್ಷಕ್ಕೆ ಇಳಿಜಾರಿನಲ್ಲಿ ಇಳಿದು ಬಂದಿದೆ. ನಮ್ಮ ಪಾಟೀಲರ ಸೊನ್ನೆ ತಾಲೂಕಿಗೆ ಹೋಗಿ, ತಾಲೂಕಿನ ಸೊನ್ನೆ ಜಿಲ್ಲೆಗೆ ಹೋಗಿ, ಅಲ್ಲಿಂದ ಹೈದರಾಬಾದಿಗೆ ಹತ್ತಿ, ಕೊನೆಗೆ ಇಡೀ ಹಿಂದೂಸ್ತಾನದ ಮರಣಪ್ರಮಾಣದೊಳಗೆ ಸೇರಿಕೊಳ್ಳುತ್ತದೆ. ಯಾವನೋ ವಿದ್ವಾಂಸ ದೂರದಲ್ಲೆಲ್ಲೋ ಕುಳಿತು ಈ ದೇಶದ ಹೆಣ್ಣುಮಕ್ಕಳ ಆಯುಷ್ಯ ಏಕೆ ಹೆಚ್ಚಿತೆಂದು ಗ್ರಂಥ ಬರೆಯುತ್ತಾನೆ. ಅವನಿಗೆ ಯಾರಾದರೂ ತಿಳಿಸಬೇಕು: ಗೆರೆ ಇಳಿದದ್ದು ಸಾವು ಕಡಿಮೆಯಾದುದರಿಂದಲ್ಲ, ಬರೆಯುವ ಕೈಗಳು ಸೋಮಾರಿಯಾದುದರಿಂದ.

ಇಷ್ಟಕ್ಕೇ ಆಗಿದ್ದರೆ ನಾನು ಪತ್ರಿಕೆಯವರೆಗೆ ಬರುತ್ತಿರಲಿಲ್ಲ. ತಪ್ಪು ಅಂಕಿ ಕಾಗದದ ಮೇಲೆ ಬಿದ್ದಿರುವಷ್ಟು ಕಾಲ ಅದರಿಂದ ಬಾಧೆ ಕಾಗದಕ್ಕೆ ಮಾತ್ರ. ತಾವು ಅದನ್ನು ನಂಬಿದಿರಿ. ಅಲ್ಲಿಗೇ ಅನರ್ಥ ಶುರುವಾಯಿತು. ನಮ್ಮ ಹೋಬಳಿಯ ದವಾಖಾನೆಯಲ್ಲಿ ಮೈಮುನಬಿ ಎಂಬ ತರಬೇತಿ ಹೊಂದಿದ ದಾಯಿ ಇದ್ದಾರೆ. ಬಾಯಿ ಜೋರು, ಅತ್ತೆಯಂದಿರನ್ನು ಬೈದು ಕೋಣೆಯಿಂದ ಹೊರಗೆ ಹಾಕುತ್ತಾರೆ, ಆದರೂ ಅತ್ತೆಯಂದಿರೇ ಅವರಿಗಾಗಿ ಗಾಡಿ ಕಟ್ಟಿಸುತ್ತಾರೆ. ಆರು ಹರದಾರಿಯೊಳಗೆ ಅಂಥವರು ಮತ್ತೊಬ್ಬರಿಲ್ಲ. ಹೆರಿಗೆಯಲ್ಲಿ ಮರಣವೇ ಇಲ್ಲದ ಭಾಗಕ್ಕೆ ದಾಯಿ ಅನವಶ್ಯಕವೆಂದೂ, ಯುದ್ಧಕಾಲದ ಮಿತವ್ಯಯದ ದೃಷ್ಟಿಯಿಂದ ಅವರನ್ನು ಅವಶ್ಯಕತೆ ಇರುವಲ್ಲಿಗೆ ವರ್ಗ ಮಾಡಬೇಕೆಂದೂ ತಮ್ಮ ಹುಕುಂ ಬಂದಿದೆ.

ಸುದ್ದಿ ತಿಳಿದು ನಾನು ದವಾಖಾನೆಗೆ ಹೋದಾಗ ಅವರು ಟ್ರಂಕಿಗೆ ಸೀರೆ ತುಂಬುತ್ತಿದ್ದರು. ತಲೆ ಎತ್ತದೆಯೇ ಅಂದರು: "ಮಾಸ್ತರ್ ಸಾಬ, ನಿಮ್ಮ ಕಡಿ ಹೆಣ್ಮಕ್ಕಳು ಸಾಯಂಗಿಲ್ಲಂತರಿ. ಸಾಯದೋರ ಊರಾಗ ನನಗೇನ ಕೆಲಸ? ತಿಂಗಳ ಕಡೀಕ ಗಂಟು ಕಟ್ಟತೀನಿ."

ನನ್ನ ಮಗಳಿಗೆ ದಿನ ತುಂಬುವುದು ಮುಂದಿನ ತಿಂಗಳೆಂದು ಹೇಳಿದೆ. ಅವರು ಕೈಯಲ್ಲಿದ್ದ ಸೀರೆಯನ್ನು ಒಳಗೆ ತುರುಕಿ, "ಹಂಗಾರ ಈ ತಿಂಗಳಾಗ ಹಡಿ ಅಂತ ಹೇಳ್ರಿ ಆಕಿಗೆ" ಎಂದು ಟ್ರಂಕು ಮುಚ್ಚಿದರು. ಅದು ನನ್ನನ್ನು ಕುರಿತ ಮಾತಲ್ಲವೆಂದು ನನಗೆ ಗೊತ್ತು. ತಮಗೆ ಮುಟ್ಟಬೇಕಾದದ್ದು, ಮುಟ್ಟಿಸುತ್ತಿದ್ದೇನೆ.

ನನ್ನ ಮಗಳ ಹೆಸರು ಶಿವಬಸಮ್ಮ. ಗಂಗಾವತಿಯ ಕಡೆಯ ಅಕ್ಕಿ ವ್ಯಾಪಾರದ ಮನೆತನಕ್ಕೆ ಕೊಟ್ಟಿದ್ದೇವೆ. ಚೊಚ್ಚಲಿಗೆಂದು ನಮ್ಮಲ್ಲಿಗೆ ಬಂದಿದ್ದಾಳೆ. ಮರಳಿ ಕಳಿಸೋಣವೆಂದರೆ, ತುಂಬಿದ ಬಸುರಿಯನ್ನು ಎರೆನೆಲದ ಮಳೆಗಾಲದ ಹಾದಿಯಲ್ಲಿ ಗಾಡಿಗೆ ಹಾಕುವ ಧೈರ್ಯ ನನಗಿಲ್ಲ. ಹೋದ ವರ್ಷ ಅತ್ತೆಯ ಮನೆಯವನಾಗಿ ಕಂಡದ್ದನ್ನು ಈ ವರ್ಷ ತವರಿನವನಾಗಿ ಕಾಣುವ ಸರದಿ ನನ್ನದು. ಅವಳಿಗೇನಾದರೂ ಆದರೆ ನಮ್ಮ ಪಾಟೀಲರು ಕೊಟ್ಟ ಹೆಣ್ಣೆನ್ನುತ್ತಾರೆ. ಗಂಗಾವತಿಯ ಕಡೆಯವರು ಇಲ್ಲಿ ಕುಣಿ ಎಲ್ಲಿದೆ ಎನ್ನುತ್ತಾರೆ. ತಮ್ಮ ಮುಂದಿನ ವರದಿಯೂ ನಿಷ್ಕಳಂಕವಾಗಿರುತ್ತದೆ.

ಅತ್ತಿಗೆಯ ಕಥೆಯೆಲ್ಲ ಅವಳಿಗೆ ಗೊತ್ತು. ಮೊನ್ನೆ ನಾನು ಈ ಪತ್ರದ ಕರಡನ್ನು ಅವಳ ತಾಯಿಗೆ ಓದಿ ಹೇಳುತ್ತಿದ್ದಾಗ, ಅಣ್ಣನ ಮಗನನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತ ಕುಳಿತಿದ್ದವಳು ಅಲ್ಲಿಂದಲೇ ಹೇಳಿದಳು: "ಅಪ್ಪಾರ, ನನಗೇನರ ಆದ್ರ ಎರಡೂ ಊರಾಗ ಬರಸ್ರಿ. ಒಂದು ಹೆಣ ಎರಡಾದ್ರ ಆವಾಗರ ಅವರು ಲೆಕ್ಕ ನೋಡ್ಲಿಕ್ಕೆ ಬರ್ತಾರ."

ಅವಳ ತಾಯಿ ಎದ್ದು ಹೋಗಿ ಅವಳ ಬಾಯಿಗೆ ಅಂಗೈ ಒತ್ತಿದಳು. ಆಡಳಿತದ ಸ್ವಭಾವವನ್ನು ಶಿವಬಸಮ್ಮನಷ್ಟು ಚೆನ್ನಾಗಿ ಅರಿತ ವಿದ್ಯಾರ್ಥಿ ನನಗೆ ಶಾಲೆಯಲ್ಲಿ ಸಿಕ್ಕಿರಲಿಲ್ಲ.

ನಾನು ಬೇಡುವವನಲ್ಲ, ಪತ್ರಗಳಿಗೆ ಉತ್ತರ ಬಾರದಿದ್ದುದರಿಂದ ಎಲ್ಲರೆದುರು ಕೇಳುತ್ತಿದ್ದೇನೆ. ಮೈಮುನಬಿಯವರ ವರ್ಗದ ಹುಕುಮನ್ನು ಈ ತಿಂಗಳು ಮುಗಿಯುವ ಮೊದಲು ಹಿಂತೆಗೆದುಕೊಳ್ಳಿ. ಶೇಖರಮ್ಮನ ಸಾವನ್ನು, ಅದು ಸಂಭವಿಸಿದ ಊರಿನಲ್ಲಿ, ಅದರ ನಿಜವಾದ ಕಾರಣದೊಡನೆ ಬರೆಸಿ, ವರದಿಗೆ ತಿದ್ದುಪಡಿ ಪ್ರಕಟಿಸಿ. ಎರಡನೆಯದು ತಡವಾದರೆ ನಾನು ಕಾಯಬಲ್ಲೆ; ಸತ್ತವಳಿಗೆ ಅವಸರವಿಲ್ಲ. ಮೊದಲನೆಯದು ಒಂದು ವಾರ ತಡವಾದರೂ, ಅದು ಪ್ರಮಾದವಾಗಿತ್ತು, ತಿಳಿದಿರಲಿಲ್ಲ, ಮೇಲಿನವರ ಆಜ್ಞೆ ಎಂಬ ಯಾವ ಮಾತನ್ನೂ ತಮ್ಮಿಂದ ನಾನು ಕೇಳುವುದಿಲ್ಲ. ಈ ಪತ್ರವನ್ನು ಓದಿದ ಮೇಲೆ ತಮಗೆ ತಿಳಿದಿದೆ.

ಇದನ್ನು ಮುಗಿಸುತ್ತಿರುವಾಗ ಶಿವಬಸಮ್ಮ ಹಿತ್ತಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತ, ಕಾಲು ಬಾತಿದೆಯೆಂದು ತಾಯಿಗೆ ತೋರಿಸುತ್ತಿದ್ದಾಳೆ. ಬದುಕಿರುವವರ ಇಂಥ ಸಮಾಚಾರ ತಮ್ಮ ಇಲಾಖೆಗೆ ಸೇರಿದ್ದಲ್ಲ. ಆದರೂ ತಾರೀಖು, ವೇಳೆಗಳೊಂದಿಗೆ ಅಚ್ಚಿನಲ್ಲಿ ಬರೆಸಿಡುತ್ತಿದ್ದೇನೆ. ಅವಳು ಈ ಊರಿನಲ್ಲಿ ಇರಲಿಲ್ಲವೆಂದು ನಾಳೆ ಯಾರೂ ಹೇಳಬಾರದು.

ಇಂತಿ,
ಸತ್ತ ಸೊಸೆಗೆ ಇನ್ನೂ ಊರು ಹುಡುಕುತ್ತಿರುವ
ಅಂದಪ್ಪ, ನಿವೃತ್ತ ಮುಖ್ಯ ಮಾಸ್ತರ
ಬುಧವಾರ, ೧೫ ಜುಲೈ ೧೯೪೨, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ