ಮೊದಲ ಪರದೆಯಲ್ಲಿ ತಾಯಿಯ ಹೆಸರು

ಕಲ್ಪೆಟ್ಟ
17 ಜೂನ್ 1993, ಗುರುವಾರ

ಪ್ರೀತಿಯ ಅಮ್ಮನಿಗೆ ಓಮನಳ ನಮಸ್ಕಾರ.

ಎರಡು ಭಾನುವಾರ ನೂಲ್ಪುಳದ ಮನೆಗೆ ಬಂದೆ. ಎರಡು ಸಲವೂ ನೀನು ಚಹ ಕೊಟ್ಟೆ, ಮಾತಾಡಲಿಲ್ಲ. ಅದಕ್ಕೇ ಈ ಕಾಗದ. ಕನ್ನಡದಲ್ಲಿ ಬರೆದು ವರ್ಷಗಳೇ ಆದವು. ಒತ್ತಕ್ಷರ ತಪ್ಪಿದ್ದರೆ ನಿನ್ನ ಕೆಂಪು ಪೆನ್ಸಿಲಿನಲ್ಲಿ ತಿದ್ದು. ಶಾಲೆಯಲ್ಲಿ ಎಲ್ಲವೂ ಮಲಯಾಳವಾದಾಗ, ನೀನು ಕೆಲಸ ಮಾಡುವ ಸೊಸೈಟಿಯ ಹಳೇ ಫಾರಂಗಳ ಹಿಂಬದಿಯಲ್ಲಿ ನನ್ನಿಂದ ಈ ಅಕ್ಷರ ತೀಡಿಸಿದವಳು ನೀನೇ ತಾನೇ.

ಸೋಮವಾರ ಸೊಸೈಟಿಯ ಸಮಿತಿ ಕೂರುತ್ತದೆ. ಕಾಡಿನ ಜನ ತಂದ ಜೇನು, ಸೀಗೆ, ಅಂಟುವಾಳವನ್ನು ಇಪ್ಪತ್ತೆರಡು ವರ್ಷ ತೂಗಿ ಬರೆದುಕೊಂಡ ನಿನ್ನನ್ನು ಅಜಾಗರೂಕತೆಗಾಗಿ ಕೆಲಸದಿಂದ ತೆಗೆಯಬೇಕೋ ಬೇಡವೋ ಎಂದು ನಾಲ್ಕು ಜನ ತೀರ್ಮಾನಿಸುತ್ತಾರೆ. ಅದಕ್ಕೆ ಮುಂಚೆ ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ. ಬಹುಪಾಲು ನಿನಗೆ ಗೊತ್ತಿರುವುದೇ. ಆದರೂ ಓದು.

ನಿನ್ನ ದಪ್ಪ ರಿಜಿಸ್ಟರಿನಲ್ಲಿ ಒಬ್ಬೊಬ್ಬ ಆಳಿಗೆ ಒಂದೊಂದು ಪುಟ. ಮೊದಲು ಹಾಡಿ, ಆಮೇಲೆ ತಾಯಿಯ ಹೆಸರು, ಕೊನೆಗೆ ಅವನ ಹೆಸರು. ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಕೆಲಸ ನಮ್ಮ ಪುಟ್ಟ ಕಂಪನಿಗೆ ಸಿಕ್ಕಾಗ ನಾನು ಕುಣಿದುಬಿಟ್ಟಿದ್ದೆ. ಜಿಲ್ಲೆಗೇ ಇನ್ನೂ ಹದಿಮೂರು ವರ್ಷ ತುಂಬಿಲ್ಲ, ಅದರ ಮೂಲೆಯ ಸೊಸೈಟಿಗೆ ಕಂಪ್ಯೂಟರು! ಒಬ್ಬ ಆಳಿಗೆ ಮೂವತ್ತೊಂದು ಖಾನೆ. ಎಲ್ಲವನ್ನೂ ಒಂದೇ ಪರದೆಗೆ ತುರುಕಿದರೆ ಕಣ್ಣು ಕತ್ತಲಿಡುತ್ತದೆ. ಹಾಗಾಗಿ ಪದರ ಪದರವಾಗಿ ಮಾಡಿದೆ. ಮೊದಲ ಪರದೆಯಲ್ಲಿ ದಿನಾ ಬೇಕಾದದ್ದು ಮಾತ್ರ, ಹೆಸರು, ಹಾಡಿ, ವಯಸ್ಸು, ಕೆಲಸ. ಎಫ್-ನಾಲ್ಕು ಕೀಲಿ ಒತ್ತಿದರೆ ಅದರ ಮೇಲೊಂದು ಚೌಕ ತೆರೆದು ಉಳಿದದ್ದು ಕಾಣುತ್ತದೆ. ತಾಯಿಯ ಹೆಸರನ್ನು ನಾನು ಆ ಎರಡನೇ ಪದರಕ್ಕೆ ತಳ್ಳಿದೆ.

ನೀನು ಕನ್ನಡಕದ ದಾರ ಸರಿಮಾಡಿಕೊಂಡು ನೋಡಿ, "ಇದು ಒಳಗೆ ಹೋದ್ರೆ ಆಗೋದಿಲ್ಲ ಮೋಳೆ. ಇಲ್ಲಿ ಬರೋದು ಕೆಂಪಿ ಬೊಮ್ಮನ್, ನೀಲಿ ಬೊಮ್ಮನ್. ಬರೀ ಬೊಮ್ಮನ್ ಅಂತ ಒಬ್ಬನೂ ಇಲ್ಲ" ಅಂದೆ. ಕಾರ್ಯದರ್ಶಿ ವೇಲಾಯುಧನ್ ಎದುರಿಗೆ ಅಮ್ಮನಿಂದ ಪಾಠ ಹೇಳಿಸಿಕೊಳ್ಳುವುದು ನನಗೆ ಅವಮಾನ ಅನ್ನಿಸಿತು. ಬೇಕಾದಾಗ ಒತ್ತಿ ನೋಡಬಹುದಲ್ಲ ಎಂದು ನಕ್ಕುಬಿಟ್ಟೆ. ಪರದೆ ಎಷ್ಟು ನೀಟಾಗಿದೆ ಎಂದು ಅವರು ಹೊಗಳಿದರು. ನಾನು ಉಬ್ಬಿಹೋದೆ ಅಮ್ಮ.

ಏಪ್ರಿಲಿನಲ್ಲಿ ಕೆಂಪಿಯ ಬೊಮ್ಮನ್ ಜೇನುಮರದಿಂದ ಬಿದ್ದು ತೀರಿಕೊಂಡ. ಅವನ ಹೆಸರನ್ನು ನೀನು ಪಟ್ಟಿಯಿಂದ ತೆಗೆಯಬೇಕಿತ್ತು. ಪರದೆಯಲ್ಲಿ ಇಬ್ಬರು ಬೊಮ್ಮನ್. ಒಂದೇ ಹಾಡಿ, ಇಬ್ಬರಿಗೂ ಅಂದಾಜಿನ ಮೂವತ್ತೈದು, ಇಬ್ಬರದೂ ಜೇನಿನ ಕೆಲಸ. ಅಳಿಸಿಹೋದವನು ಬದುಕಿದ್ದ ನೀಲಿಯ ಬೊಮ್ಮನ್. ಪಟ್ಟಿಯಲ್ಲಿ ಉಳಿದದ್ದು ಸತ್ತವನ ಹೆಸರು, ಕಾಡಿಗೆ ಹೋಗಲು ಬೇಕಾದ ಪಾಸು ಛಾಪಾದದ್ದೂ ಸತ್ತವನದೇ. ಓದಲು ಬಾರದ ನೀಲಿಯ ಬೊಮ್ಮನ್ ಅದನ್ನೇ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ. ಗಾರ್ಡು ತಾಯಿಯ ಹೆಸರು ಕೇಳಿದಾಗ ನೀಲಿ ಎಂದ. ಪಾಸಿನಲ್ಲಿ ಕೆಂಪಿ ಎಂದಿತ್ತು. ಸತ್ತವನ ಪಾಸು ಕದ್ದು ಕಾಡಿಗೆ ನುಗ್ಗಿದ್ದಾನೆ ಎಂದು ಹಿಡಿದು ಹನ್ನೊಂದು ದಿನ ಒಳಗಿಟ್ಟರು. ಒಂಬತ್ತನೆಯ ದಿನ ನೀಲಿ ಜ್ವರದಲ್ಲಿ ಮಗನನ್ನು ಕರೆಯುತ್ತಲೇ ತೀರಿಹೋದಳು.

ಕಳೆದ ವಾರ ಅವನ ಹಾಡಿಗೆ ಹೋಗಿದ್ದೆ. ಬಯ್ಯುತ್ತಾನೆ ಎಂದುಕೊಂಡಿದ್ದೆ, ಬಯ್ದಿದ್ದರೆ ಹಗುರಾಗುತ್ತಿತ್ತು. "ಅವ್ವಗೆ ಮಣ್ಣು ಹಾಕೋಕೂ ನಾನಿಲ್ಲೆ ಚೇಚಿ" ಎಂದಷ್ಟೇ ಹೇಳಿದ. ಆಮೇಲೆ ನಿನ್ನನ್ನು ವಿಚಾರಿಸಿದ. "ಕಾರ್ತ್ಯಾಯನಿ ಚೇಚಿ ಹಂಗೆ ತಪ್ಪು ಬರೆಯೋರಲ್ಲ, ಅವರಿಗೇನೋ ಮೈಗೆ ಸುಖವಿಲ್ಲೆ ಅಂತ ತೋರ್ತದೆ" ಎಂದ.

ಅಷ್ಟರಲ್ಲಾಗಲೇ ನನ್ನ ವರದಿ ಸೊಸೈಟಿಗೆ ಹೋಗಿ ಮೂರು ವಾರವಾಗಿತ್ತು. "ಪ್ರೋಗ್ರಾಮಿನಲ್ಲಿ ದೋಷವಿಲ್ಲ. ಎರಡನೇ ಪದರ ತೆರೆದು ನೋಡದಿರುವುದು ಬಳಸಿದವರ ಅಜಾಗರೂಕತೆ." ಅದನ್ನು ಬರೆದದ್ದು ಕಂಪನಿಯಲ್ಲಿ ಯಾರೋ ಎಂದು ನಿನಗೆ ಹೇಳಿದ್ದೆ. ಸುಳ್ಳು. ಬರೆದವಳು ನಾನು. ಅಮ್ಮ ಎಂದು ಬರೆಯಬೇಕಾಗಿದ್ದರೆ ಪೆನ್ನು ನಿಲ್ಲುತ್ತಿತ್ತು. ಬಳಸಿದವರು ಎಂದು ಬರೆಯುವಾಗ ಸರಾಗವಾಗಿ ಓಡಿತು. ಮುಳ್ಳನ್ಕೊಲ್ಲಿಯ ಸೊಸೈಟಿಯವರೂ ಇದೇ ಪ್ರೋಗ್ರಾಮು ಕೊಳ್ಳುವವರಿದ್ದರು, ನನ್ನ ಹೆಸರು ಕೆಡಬಾರದಿತ್ತು. ಕಾರಣ ಇಷ್ಟು ಸಣ್ಣದು.

ಈ ವಾರ ಕೂತು ಮೊದಲ ಪರದೆಯನ್ನು ಮತ್ತೆ ಮಾಡಿದೆ. ಎಲ್ಲಕ್ಕೂ ಮೇಲೆ ಹಾಡಿ, ಅದರ ಕೆಳಗೆ ತಾಯಿಯ ಹೆಸರು, ಆಮೇಲೆ ಆಳಿನ ಹೆಸರು. ನಿನ್ನ ರಿಜಿಸ್ಟರಿನ ಕ್ರಮವೇ. ತಾಯಿಯ ಹೆಸರು ತುಂಬದಿದ್ದರೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಯಾರನ್ನಾದರೂ ಅಳಿಸುವ ಮುಂಚೆ ತಾಯಿಯ ಹೆಸರನ್ನು ದೊಡ್ಡದಾಗಿ ತೋರಿಸಿ ಇನ್ನೊಮ್ಮೆ ಕೇಳುತ್ತದೆ. ನೋಡಲು ಮೊದಲಿನಷ್ಟು ಚಂದವಿಲ್ಲ, ಪರವಾಗಿಲ್ಲ.

ಸಮಿತಿಗೂ ನಿಜವನ್ನು ಬರೆದಿದ್ದೇನೆ. ಇವತ್ತು ಬೆಳಿಗ್ಗೆ ಅದನ್ನು ರಿಜಿಸ್ಟರ್ಡ್ ಅಂಚೆಗೆ ಹಾಕಿ ರಸೀದಿ ತೆಗೆದುಕೊಂಡ ಮೇಲೆಯೇ ಇದನ್ನು ಬರೆಯಲು ಕೂತೆ. ಮೊದಲು ನಿನಗೆ ಬರೆದಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಸಂತೋಷವಾಗಿ ಒಪ್ಪಿಕೊಂಡುಬಿಡುತ್ತಿದ್ದೆ. ನನ್ನ ಕೆಲಸ ಉಳಿಯಲಿಕ್ಕಿಲ್ಲ. ಅದಕ್ಕಾಗಿ ನೀನು ಕಣ್ಣೀರು ಹಾಕಬೇಡ, ಹಾಕುವುದಾದರೆ ನೀಲಿಗಾಗಿ ಹಾಕು.

ಸೋಮವಾರ ಬಂದು ನಿನ್ನ ಬೆಂಚಿನಲ್ಲೇ ಕೂರುತ್ತೇನೆ. ಮಾತಾಡದಿದ್ದರೂ ಸರಿ, ಸ್ವಲ್ಪ ಸರಿದು ಜಾಗ ಕೊಡು.

ನಿನ್ನ,
ಕಾರ್ತ್ಯಾಯನಿಯ ಓಮನ

ತಾ.ಕ.: ಫೋನಿನ ವಿಷಯ ಮೇಲೆ ಎಲ್ಲೂ ಬರೆದಿಲ್ಲ, ನೀನು ಹುಡುಕಿರುತ್ತೀಯ. ಅಳಿಸುವ ಮುಂಚೆ ನೀನು ನನಗೆ ಫೋನು ಮಾಡಿದ್ದೆ. ಎಫ್-ನಾಲ್ಕು ಒತ್ತಿದರೆ ಏನೂ ತೆರೀತಿಲ್ಲ, ಇಬ್ಬರಲ್ಲಿ ಯಾರು ಅಂತ ತಿಳೀತಿಲ್ಲ ಅಂದೆ. ನನ್ನೆದುರು ಮುಳ್ಳನ್ಕೊಲ್ಲಿಯವರು ಕೂತಿದ್ದರು. ಪ್ರೋಗ್ರಾಮು ಕೆಟ್ಟಿದೆ ಎಂದು ಅವರಿಗೆ ತಿಳಿಯಬಾರದಿತ್ತು. ನಕಲು ಮಾಡಲು ತಂದಿದ್ದ ನಿನ್ನ ರಿಜಿಸ್ಟರು ನನ್ನ ಮೇಜಿನ ಮೇಲೇ ಇತ್ತು, ತೆರೆದು ನೋಡಲಿಲ್ಲ. "ಮೇಲಿನವನೇ ಅಮ್ಮ, ಒತ್ತಿಬಿಡು" ಎಂದು ಫೋನಿಟ್ಟೆ. ಮರುದಿನ ಬಂದು ಸದ್ದಿಲ್ಲದೆ ಕೀಲಿ ಸರಿಮಾಡಿ ಹೋದೆ. ಸೊಸೈಟಿಯಲ್ಲಿ ನಡೆದ ವಿಚಾರಣೆಯಲ್ಲಿ ಯಾರಾದರೂ ಹೇಳಿಕೊಟ್ಟರೇ ಎಂದು ಮೂರು ಸಲ ಕೇಳಿದರಂತೆ, ಮೂರು ಸಲವೂ ನೀನು "ನಾನೇ ಒತ್ತಿದ್ದು" ಎಂದೆಯಂತೆ. ಸಮಿತಿಗೆ ಬರೆದ ಕಾಗದದಲ್ಲಿ ಈ ಫೋನಿನ ಮಾತನ್ನು ಮೊದಲ ಸಾಲಿಗೇ ಹಾಕಿದ್ದೇನೆ. ನಿನಗೆ ಹೇಳಲು ಮಾತ್ರ ಇಲ್ಲಿಯವರೆಗೆ ಬರಬೇಕಾಯಿತು.